ಅಜ್ಜನ ಕೋವಿ, ಮೊಮ್ಮಗನ ಹೊಣೆ

ಪುಣೆ: ಊರಿನ ಮನೆ, ಗದ್ದೆ, ತೋಟ, ಬ್ಯಾಂಕಿನ ಠೇವಣಿ ಇವುಗಳ ಪಾಲುಪಟ್ಟಿ ಆಗುವಾಗ ಎಲ್ಲರೂ ಕೂತು ಲೆಕ್ಕ ಹಾಕುತ್ತಾರೆ. ಆದರೆ ಕೆಲವು ಮನೆಗಳಲ್ಲಿ ಈ ಪಟ್ಟಿಗೆ ಸೇರದೆ ಕಪಾಟಿನ ಮೂಲೆಯಲ್ಲಿ ಉಳಿದುಬಿಡುವ ಒಂದು ವಸ್ತು ಇರುತ್ತದೆ. ಅದು ಅಜ್ಜನ ಕಾಲದ ಕೋವಿ. ಹಿರಿಯರು ಇರುವಷ್ಟು ದಿನ ಅದನ್ನು ಒರೆಸಿ ಎಣ್ಣೆ ಹಾಕಿ ಜೋಪಾನ ಮಾಡುತ್ತಾರೆ. ಅವರು ಕಣ್ಣು ಮುಚ್ಚಿದ ಮೇಲೆ ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ನೆಲೆಸಿದ ಮಕ್ಕಳಿಗೆ ಅದು ಅಭಿಮಾನದ ವಸ್ತುವೂ ಹೌದು, ತಲೆನೋವೂ ಹೌದು.

ವಾನವಡಿಯಲ್ಲಿ ನೆಲೆಸಿರುವ ಕೊಡಗು ಮೂಲದ ಕೊಡವ ಕುಟುಂಬವೊಂದಕ್ಕೆ ಇಂಥದೇ ಸಂದರ್ಭ ಎದುರಾಯಿತು. ಹಿಂಜೆವಾಡಿಯ ಕಂಪೆನಿಯೊಂದರಲ್ಲಿ ಇಂಜಿನಿಯರ್ ಆಗಿರುವ ಮಗ, ತಂದೆ ತೀರಿಹೋದ ಮರುವರ್ಷ 2023ರ ಆಗಸ್ಟ್‌ನಲ್ಲಿ ಊರಿಗೆ ಹೊರಟಿದ್ದರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೊಳ್ದ್ ಹಬ್ಬ. ಕೊಡಗಿನಲ್ಲಿ ಗದ್ದೆ ನಾಟಿಯ ಕೆಲಸ ಮುಗಿದ ಮೇಲೆ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿಗೊಳಿಸಿ, ಕಾಡಿನಲ್ಲಿ ಅರಳುವ ತೋಕ್ ಹೂವಿನಿಂದ ಅಲಂಕರಿಸಿ ದೀಪದ ಮುಂದಿಟ್ಟು ಪೂಜಿಸುವ ದಿನ ಅದು. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ ಎಂದೇ ಅರ್ಥ.

“ಮಾವ, ಅಪ್ಪನ ಕೋವಿಯನ್ನು ಕಾರಿನಲ್ಲಿ ಹಾಕಿಕೊಂಡು ಬರುತ್ತೇನೆ. ಈ ಸಲ ಪೂಜೆ ಇಲ್ಲೇ ಪುಣೆಯಲ್ಲಿ ಮಾಡುವ” ಎಂದು ಅವರು ಸೋದರಮಾವನಿಗೆ ಹೇಳಿದರು. ಸೋದರಮಾವ ಸೇನೆಯಿಂದ ಸುಬೇದಾರರಾಗಿ ನಿವೃತ್ತರಾದವರು. ಮಕ್ಕಳ ಓದಿಗಾಗಿ ಪುಣೆಯಲ್ಲೇ ಉಳಿದವರು. ಅವರ ಉತ್ತರ ಚಿಕ್ಕದಾಗಿತ್ತು. “ಕೋವಿ ಬರುವ ಮೊದಲು ಕಾಗದ ಬರಲಪ್ಪ. ನಿಪ್ಪಾಣಿ ದಾಟುವಾಗ ತಪಾಸಣೆಯಾದರೆ ಯಾರ ಹೆಸರಿನ ಕಾಗದ ತೋರಿಸುತ್ತೀ? ತೀರಿಹೋದವರದ್ದೇ?”

ಸುಬೇದಾರರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ತಾವೂ ಜತೆಗೆ ಹೊರಟರು.

ಕಪಾಟಿನಲ್ಲಿ ಕಂಡದ್ದು

ತಂದೆಯವರು ಕೊನೆಯ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಅಷ್ಟೂ ಕಾಲ ಕೋವಿಯನ್ನು ಯಾರೂ ಹೊರತೆಗೆದಿರಲಿಲ್ಲ. ಚರ್ಮದ ಚೀಲದಲ್ಲಿ ಭದ್ರವಾಗಿದೆ ಎಂದೇ ಎಲ್ಲರ ನಂಬಿಕೆ. ಚೀಲ ಬಿಚ್ಚಿದಾಗ ನಳಿಗೆಯ ಉದ್ದಕ್ಕೂ ಕಂದು ತುಕ್ಕು, ಮರದ ಹಿಡಿಯ ಮೇಲೆ ಬಿಳಿ ಬೂಷ್ಟು. ಕೊಡಗಿನ ಮಳೆಗಾಲದ ತೇವವನ್ನು ಚರ್ಮ ಹೀರಿಕೊಂಡು ಕಬ್ಬಿಣಕ್ಕೆ ಅಂಟಿಸಿ ಹಿಡಿದಿತ್ತು. ಭದ್ರವಾಗಿರಲೆಂದು ಇಟ್ಟ ಚೀಲವೇ ಕೋವಿಯನ್ನು ತಿಂದಿತ್ತು.

ಅದು ಅಮೆರಿಕದ ವಿಂಚೆಸ್ಟರ್ ಕಂಪೆನಿಯ 1892ರ ಮಾದರಿಯ ರೈಫಲ್. ಟ್ರಿಗರಿನ ಸುತ್ತ ಉಂಗುರದಂತೆ ಇರುವ ಲಿವರನ್ನು ಕೆಳಗೆ ತಳ್ಳಿದರೆ ಹಳೆಯ ತೋಟಾ ಹೊರಬೀಳುತ್ತದೆ, ಹ್ಯಾಮರ್ ಹಿಂದಕ್ಕೆ ಸರಿಯುತ್ತದೆ. ಮೇಲೆತ್ತಿದರೆ ಹೊಸ ತೋಟಾ ನಳಿಗೆಗೆ ಏರುತ್ತದೆ. ಹೀಗೆ ಲಿವರ್‌ನಿಂದ ನಡೆಯುವ ಕೋವಿಗಳಲ್ಲಿ ವಿಂಚೆಸ್ಟರಿನ 1873, 1892, 1894ರ ಮಾದರಿಗಳು ಜಗತ್ಪ್ರಸಿದ್ಧ. 1892, 1894 ಮತ್ತು 1895ರ ಮಾದರಿಗಳ ವಿನ್ಯಾಸ ಜಾನ್ ಮೋಸೆಸ್ ಬ್ರೌನಿಂಗ್ ಎಂಬ ಒಬ್ಬನೇ ವ್ಯಕ್ತಿಯದು ಎಂಬುದು ಉಲ್ಲೇಖನೀಯ.

ಈ ಕೋವಿಯಲ್ಲಿ ತೋಟಾಗಳು ನಳಿಗೆಯ ಕೆಳಗಿರುವ ಉದ್ದ ಕೊಳವೆಯೊಳಗೆ ಒಂದರ ಹಿಂದೆ ಒಂದು ಮಲಗಿರುತ್ತವೆ. ಹೊರಗಿನಿಂದ ನೋಡಿದರೆ ಒಳಗೆ ಏನಿದೆ ಎಂದು ತಿಳಿಯುವುದಿಲ್ಲ. ಮಗ ಲಿವರನ್ನು ಮೂರು ಬಾರಿ ಆಡಿಸಿದರು. ಏನೂ ಹೊರಬೀಳಲಿಲ್ಲ. “ಖಾಲಿ ಇದೆ ಮಾವ” ಎಂದರು. ಸುಬೇದಾರರು ಕೋವಿಯ ಬಾಯನ್ನು ಜನರಿಲ್ಲದ ಕಡೆಗೆ ತಿರುಗಿಸಿಕೊಂಡೇ ಟಾರ್ಚ್ ಹಾಕಿ ಒಳಗೆ ಇಣುಕಿದರು. ಕೊಳವೆಯ ಒಳಗಿನ ಸ್ಪ್ರಿಂಗ್ ತುಕ್ಕಿನಿಂದ ನಡುವೆಯೇ ಸಿಕ್ಕಿಕೊಂಡಿತ್ತು. ಅದರ ಈಚೆಗೆ ಹಸಿರುಗಟ್ಟಿದ ಒಂದು ತೋಟಾ ಮಿಣುಗುತ್ತಿತ್ತು.

ಇದೇ ಕೋವಿಯನ್ನು ಹಿಡಿದು ಮನೆಯ ಮಕ್ಕಳು ಅನೇಕ ಬಾರಿ ಫೋಟೋ ತೆಗೆಸಿಕೊಂಡಿದ್ದರು. ಆ ಆಲ್ಬಮ್ ಇನ್ನೂ ಮನೆಯಲ್ಲಿದೆ. ಅಂದು ಸಂಜೆಯವರೆಗೆ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಲೈಸೆನ್ಸ್ ಇರುವ ಕೋವಿ ರಿಪೇರಿಯವರೇ ಆ ತೋಟಾವನ್ನು ಹೊರತೆಗೆಯಬೇಕಾಯಿತು.

ಆಂಡರ್ಸನ್ ಕೈಯ ವಿಂಚೆಸ್ಟರ್

ಲಿವರ್ ಕೋವಿ ಕನ್ನಡ ಓದುಗರಿಗೆ ಹೊಸತೇನಲ್ಲ. ಬೆಂಗಳೂರಿನಲ್ಲಿ ವಾಸವಾಗಿದ್ದ ಪ್ರಸಿದ್ಧ ಬೇಟೆಗಾರ-ಲೇಖಕ ಕೆನೆತ್ ಆಂಡರ್ಸನ್ (1910-1974) ನರಭಕ್ಷಕ ಹುಲಿ, ಚಿರತೆಗಳ ಬೆನ್ನು ಹತ್ತಿದಾಗ ಅವರ ಕೈಯಲ್ಲಿರುತ್ತಿದ್ದುದು ವಿಂಚೆಸ್ಟರಿನ 1895ರ ಮಾದರಿ, .405 ಬೋರಿನ ರೈಫಲ್. ಹಗಲು ವಿಮಾನ ಕಾರ್ಖಾನೆಯ ಕೆಲಸ, ರಜೆ ಸಿಕ್ಕಾಗ ಕಾಡು ಎಂಬಂತಿದ್ದ ಆಂಡರ್ಸನ್ ಅವರ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಿದ್ದಾರೆ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಒಯ್ದದ್ದೂ ಇದೇ ಬೋರಿನ ವಿಂಚೆಸ್ಟರ್.

ಆ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಹಳೆಯ ಬೋರುಗಳ ತೋಟಾ ಸಿಗುವುದೂ ದುರ್ಲಭ. ಆದ್ದರಿಂದ ಇಂದು ಈ ಕೋವಿಗಳಿಗೆ ಉಳಿದಿರುವುದು ನೆನಪಿನ ಬೆಲೆ, ಕುಶಲ ಕೆಲಸದ ಬೆಲೆ. ಕಾನೂನಿನ ಕಣ್ಣಿಗೆ ಮಾತ್ರ ಅವು ಈಗಲೂ ಬೆಂಕಿ ಉಗುಳುವ ಆಯುಧಗಳೇ.

ಹಲಗಲಿಗೆ ಒಂದು, ಕೊಡಗಿಗೆ ಒಂದು

ಕೊಡವರ ಕೋವಿಗೆ ಲೈಸೆನ್ಸ್ ಬೇಡ ಎಂಬ ಮಾತು ಎಲ್ಲರೂ ಕೇಳಿದ್ದೇ. ಅದರ ಹಿನ್ನೆಲೆ ಕುತೂಹಲಕರ. 1857ರಲ್ಲಿ ಬ್ರಿಟಿಷರು ಜನರಿಂದ ಆಯುಧ ಕಸಿದುಕೊಳ್ಳುವ ಕಾಯ್ದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಹತಾರ ಕೊಡೆವೆಂದು ತಿರುಗಿಬಿದ್ದರು. ಹಲಗಲಿಗೆ ಬೆಂಕಿ ಬಿತ್ತು, ಹಿಡಿದವರಿಗೆ ಗಲ್ಲಾಯಿತು. ಅತ್ತ ಕೊಡಗಿನಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರಿನ ಮೂಲಕ ನಮಗೆ ಪರಿಚಿತರಾದ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ಈ ನಿರ್ಬಂಧದಿಂದ ಹೊರಗಿಟ್ಟು ಪ್ರಕಟಣೆ ಹೊರಡಿಸಿದರು. ಒಂದೇ ಕಾಲದ ನಿರ್ಬಂಧ ಕನ್ನಡ ನಾಡಿನ ಎರಡು ಕಡೆ ಎರಡು ಕಥೆಗಳಾದವು.

ಸ್ವಾತಂತ್ರ್ಯಾನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ, 1963ರ ಅಧಿಸೂಚನೆಯ ಮೂಲಕ ಈ ವಿನಾಯಿತಿ ಮುಂದುವರಿಯಿತು. ಕೊಡವರಿಗೂ, ಕೊಡಗಿನ ಜಮ್ಮಾ ಭೂಮಿ ಹಿಡುವಳಿದಾರರಿಗೂ ಇದು ಅನ್ವಯಿಸುತ್ತದೆ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಆದರೆ ವಿನಾಯಿತಿ ಎಂದರೆ ಲೆಕ್ಕವಿಲ್ಲ ಎಂದಲ್ಲ. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಒಂದು ರೈಫಲ್ ಮತ್ತು ಅದರ 100 ತೋಟಾ, ಜತೆಗೆ ಸಾದಾ ನಳಿಗೆಯ ಒಂದು ಕೋವಿ ಮತ್ತು ಅದರ 500 ತೋಟಾ ಇಷ್ಟಕ್ಕೆ ಮಿತಿ ಇದೆ. ತಾನು ವಿನಾಯಿತಿಗೆ ಅರ್ಹ ಎಂಬುದಕ್ಕೆ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ಪ್ರಮಾಣಪತ್ರ ಕೈಯಲ್ಲಿರಬೇಕು. “ಬಾಯಲ್ಲಿ ಹೇಳಿದರೆ ಪುಣೆಯ ಪೊಲೀಸರಿಗೆ ಹೇಗೆ ಗೊತ್ತಾಗಬೇಕು? ಅಪ್ಪನ ಪ್ರಮಾಣಪತ್ರ ಅಪ್ಪನ ಜತೆಗೇ ಮುಗಿಯಿತು” ಎನ್ನುತ್ತಾರೆ ಸುಬೇದಾರರು. ಖಾತೆದಾರ ತೀರಿಹೋದ ಮೇಲೆ ಅವರ ಚೆಕ್ ಪುಸ್ತಕಕ್ಕೆ ಬೆಲೆ ಇಲ್ಲದಂತೆ ಇದೂ ಸಹ.

ಉಳಿದವರು ಏನು ಮಾಡಬೇಕು?

ವಿನಾಯಿತಿ ಇಲ್ಲದ ಕನ್ನಡಿಗರ ಮನೆಗಳಲ್ಲೂ ಹಳೆಯ ಕೋವಿಗಳಿವೆ. ಮಲೆನಾಡು, ಕರಾವಳಿಯ ಕೃಷಿಕರು ಕಾಡುಹಂದಿ, ಮಂಗಗಳ ಕಾಟಕ್ಕಾಗಿ ಬೆಳೆ ರಕ್ಷಣೆಯ ಲೈಸೆನ್ಸ್ ಪಡೆದು ಇಟ್ಟುಕೊಂಡವು ಅವು. ಲೈಸೆನ್ಸ್ ಹೊಂದಿದವರು ತೀರಿಹೋದರೆ ಮೊದಲು ಮಾಡಬೇಕಾದದ್ದು ಕೋವಿ ಮತ್ತು ತೋಟಾಗಳನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯ ಬಳಿ ಒಪ್ಪಿಸಿ ರಸೀದಿ ಪಡೆಯುವುದು. ಉತ್ತರಕ್ರಿಯೆ ಮುಗಿಯಲಿ, ಆಸ್ತಿ ಪಾಲಾಗಲಿ ಎಂದು ಕಾಯುತ್ತ ಕೂತರೆ ಅಷ್ಟು ದಿನವೂ ಮನೆಯವರು ಅನಧಿಕೃತ ಆಯುಧ ಇಟ್ಟುಕೊಂಡಂತೆ. ಕೋವಿ ಅಲ್ಲಿ ಇರುವಾಗಲೇ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಅರ್ಜಿ ಸಲ್ಲಿಸಬಹುದು.

2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಲ್ಲಿ ವಾರಸುದಾರರೆಂದರೆ ಪತಿ, ಪತ್ನಿ, ಮಗ, ಮಗಳು, ಅಳಿಯ, ಸೊಸೆ, ಸಹೋದರ, ಸಹೋದರಿ ಎಲ್ಲರೂ ಸೇರುತ್ತಾರೆ. ಕೋವಿ ಗಂಡುಮಕ್ಕಳಿಗೇ ಎಂಬ ಮಾತು ಕಾನೂನಿನಲ್ಲಿ ಇಲ್ಲ. ಇನ್ನೊಂದು ಅನುಕೂಲವೂ ಇದೆ. ಲೈಸೆನ್ಸ್ ಹೊಂದಿದವರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ತಮಗೆ ಬೇಕಾದ ವಾರಸುದಾರರ ಹೆಸರಿಗೆ ವರ್ಗ ಮಾಡಿಸಲು ಅವಕಾಶವಿದೆ. ಠೇವಣಿಗೆ ನಾಮಿನಿ ಹಾಕಿಸುವಷ್ಟೇ ಇದು ಮುಖ್ಯ. ಹಿರಿಯರು ಕೈಯಾರೆ ಕೊಟ್ಟರೆ ಮುಂದೆ ಅಣ್ಣತಮ್ಮಂದಿರಲ್ಲಿ ಮಾತು ಬರುವುದಿಲ್ಲ.

2019ರ ತಿದ್ದುಪಡಿಯ ಬಳಿಕ ಲೈಸೆನ್ಸ್ ಮೇಲೆ ಒಬ್ಬರು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ. ಮೊದಲು ಮೂರರವರೆಗೆ ಅವಕಾಶವಿತ್ತು. ಪಿತ್ರಾರ್ಜಿತವಾಗಿ ಬಂದ ಕೋವಿಯೂ ಈ ಎರಡರ ಲೆಕ್ಕದಲ್ಲೇ ಸೇರುತ್ತದೆ. .303ರಂಥ ಸೇನೆಯ ಬೋರುಗಳು ನಿಷೇಧಿತ ವರ್ಗದವು. ಅವುಗಳ ಕ್ರಮವೇ ಬೇರೆ. ಆದ್ದರಿಂದ ಅರ್ಜಿಗೆ ಮೊದಲು ಕೋವಿಯ ಮೇಲೆ ಕೆತ್ತಿದ ಬೋರು, ಮಾದರಿ, ಕ್ರಮಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಹಳೆಯ ಲೈಸೆನ್ಸ್ ಪುಸ್ತಕದಲ್ಲಿ ರಾಷ್ಟ್ರೀಯ ದಾಖಲೆಯ ವಿಶಿಷ್ಟ ಗುರುತಿನ ಸಂಖ್ಯೆ ನಮೂದಾಗಿದೆಯೇ ಎಂದೂ ನೋಡಿಕೊಳ್ಳಬೇಕು. ಪುಣೆ ನಗರದಲ್ಲಿ ಲೈಸೆನ್ಸ್ ಅಧಿಕಾರ ಪೊಲೀಸ್ ಕಮಿಷನರರದ್ದು. ಪಿಂಪ್ರಿ-ಚಿಂಚ್‌ವಾಡ್‌ಗೆ 2018ರಿಂದ ಪ್ರತ್ಯೇಕ ಕಮಿಷನರೇಟ್ ಇರುವುದರಿಂದ ಅಲ್ಲಿಯವರು ಅಲ್ಲೇ ವಿಚಾರಿಸಬೇಕು.

“ನೂರು ವರ್ಷ ಹಳೆಯದು, ಪುರಾತನ ವಸ್ತು, ಲೈಸೆನ್ಸ್ ಯಾಕೆ?” ಎಂದು ಕೇಳುವವರಿದ್ದಾರೆ. ಇದು ದೊಡ್ಡ ತಪ್ಪು ತಿಳಿವಳಿಕೆ. ಕಾಯ್ದೆಯ 45ನೇ ಕಲಮಿನಲ್ಲಿ ಹಳೆಯ ಆಯುಧಗಳಿಗೆ ರಿಯಾಯಿತಿ ಇರುವುದು ನಿಜ. ಆದರೆ ರಿಪೇರಿ ಮಾಡಿದರೂ ಹಾರಿಸಲಾಗದ ಸ್ಥಿತಿಯಲ್ಲಿ ಇರುವವಕ್ಕೆ ಮಾತ್ರ ಅದು. ಲಿವರ್ ಆಡುವ, ಹ್ಯಾಮರ್ ಬೀಳುವ ವಿಂಚೆಸ್ಟರ್ ಎಷ್ಟು ಹಳೆಯದಾದರೂ ಈ ಸಾಲಿಗೆ ಬಾರದು.

ಬ್ಯಾಂಕ್ ಲಾಕರಿನಲ್ಲಿಟ್ಟರೆ ಆಗದೇ ಎಂಬ ಪ್ರಶ್ನೆಯೂ ಬರುತ್ತದೆ. ಆಗದು. ಕೋವಿ ಬಿಚ್ಚಿ ತುಂಡು ಮಾಡಿ ಇಟ್ಟರೂ ಆಗದು, ತೋಟಾವಂತೂ ಇಡಲೇಬಾರದು. ಲಾಕರ್ ಒಪ್ಪಂದದಲ್ಲೇ ಆಯುಧ, ಸ್ಫೋಟಕಗಳನ್ನು ಇಡುವಂತಿಲ್ಲ ಎಂಬ ಷರತ್ತು ಇದೆ.

ಎಣ್ಣೆ ಬಟ್ಟೆಯ ಪಾಠ

ಸುಬೇದಾರರು ಸೋದರಳಿಯನಿಗೆ ಹೇಳಿಕೊಟ್ಟ ಆರೈಕೆಯ ಕ್ರಮ ಇಂಥ ಕೋವಿ ಇರುವ ಎಲ್ಲರಿಗೂ ಉಪಯುಕ್ತ.

ಮೊದಲನೆಯದು, ಕೋವಿ ಖಾಲಿ ಎಂದು ಯಾರು ಹೇಳಿದರೂ ನಂಬಬಾರದು. ಬಾಯಿಯನ್ನು ಜನರಿಲ್ಲದ ಕಡೆ ಹಿಡಿದು, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಲಿವರ್ ತೆರೆದು ನಳಿಗೆಯ ಹಿಂಭಾಗ, ತೋಟಾ ಕೊಳವೆ ಎರಡನ್ನೂ ಬೆಳಕಿನಲ್ಲಿ ನೋಡಬೇಕು. ಕೊಳವೆಯ ತುದಿಗೆ ತೋಟಾವನ್ನು ತಳ್ಳುವ ಬಿಲ್ಲೆ ಕಂಡರೆ ಮಾತ್ರ ಖಾಲಿ. ಕಾಣದಿದ್ದರೆ ಲೈಸೆನ್ಸ್ ಇರುವ ರಿಪೇರಿಯವರ ಕೆಲಸ ಅದು. ಮನೆಯಲ್ಲಿ ಕೋಲು ಹಾಕಿ ತಿವಿಯಬಾರದು.

ಎರಡನೆಯದು, ನಳಿಗೆಯ ಶುಚಿ. ಬೇರೆ ರೈಫಲುಗಳನ್ನು ಹಿಂದಿನಿಂದ ಕೋಲು ತೂರಿಸಿ ಶುಚಿ ಮಾಡಬಹುದು. ಲಿವರ್ ಕೋವಿಯ ಹಿಂಭಾಗ ಮುಚ್ಚಿರುವುದರಿಂದ ಬಾಯಿಯ ಕಡೆಯಿಂದಲೇ ತೂರಿಸಬೇಕು. ಆಗ ಕೋಲು ನಳಿಗೆಯ ಅಂಚಿಗೆ ಉಜ್ಜಿದರೆ ಅಂಚು ಸವೆದು ಗುರಿ ಕೆಡುತ್ತದೆ. ಹಗ್ಗಕ್ಕೆ ಬಟ್ಟೆ ಕಟ್ಟಿ ಹಿಂದಿನಿಂದ ಮುಂದಕ್ಕೆ ಎಳೆಯುವುದು ಕ್ಷೇಮ. ಹಳೆಯ ತೋಟಾಗಳ ಮದ್ದು ಮತ್ತು ಕ್ಯಾಪಿನ ಉಪ್ಪು ಒಳಗೆ ಉಳಿದಿದ್ದರೆ ಎಣ್ಣೆಯಿಂದ ಹೋಗದು. ಬಿಸಿ ನೀರಿನ ಬಟ್ಟೆಯಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು.

ಮೂರನೆಯದು, ಎಣ್ಣೆ. ತೆಂಗಿನೆಣ್ಣೆ, ಅಡುಗೆ ಎಣ್ಣೆ ಬೇಡ. ಅವು ದಿನ ಕಳೆದಂತೆ ಅಂಟಾಗಿ ಲಿವರಿನ ಸಂದುಗಳಲ್ಲಿ ಧೂಳು ಹಿಡಿಯುತ್ತವೆ. ತೆಳುವಾದ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಾಕಿ ಒರೆಸಿದರೆ ಸಾಕು. ಎಣ್ಣೆ ಹೆಚ್ಚಾದರೆ ಅದು ಮರದ ಹಿಡಿಗೆ ಇಳಿದು ಮರ ಮೆತ್ತಗಾಗುತ್ತದೆ. ಮರಕ್ಕೆ ಅಗಸೆ ಎಣ್ಣೆ ಒಂದೆರಡು ಹನಿ ಅಂಗೈಯಲ್ಲಿ ತಿಕ್ಕಿ ಹಚ್ಚಬೇಕು. ಕೋವಿ ಮುಟ್ಟಿದ ಮೇಲೆ ಕಬ್ಬಿಣವನ್ನು ಒರೆಸಿಯೇ ಇಡಬೇಕು, ಬೆವರಿನ ಉಪ್ಪಿಗೆ ಒಂದು ರಾತ್ರಿ ಸಾಕು.

ನಾಲ್ಕನೆಯದು, ಹೊಳಪಿನ ಆಸೆ ಬೇಡ. ತುಕ್ಕು ಕಂಡ ಕೂಡಲೆ ಮರಳು ಕಾಗದ ಹಿಡಿದು ತಿಕ್ಕುವವರಿದ್ದಾರೆ. ಕಾರ್ಖಾನೆಯ ನೀಲಿಗಪ್ಪು ಲೇಪ, ಕೆತ್ತಿದ ಅಕ್ಷರ, ಕ್ರಮಸಂಖ್ಯೆ ಎಲ್ಲ ಅದರ ಜತೆಗೇ ಹೋಗುತ್ತವೆ. ಕ್ರಮಸಂಖ್ಯೆ ಅಳಿಸಿದ ಕೋವಿ ಕಾನೂನಿನ ಕಣ್ಣಿಗೆ ಇನ್ನೂ ದೊಡ್ಡ ತೊಂದರೆ. ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಒರಟು ಬಟ್ಟೆಯಿಂದ ಮೆಲ್ಲಗೆ ಒರೆಸಿ ಎಷ್ಟು ಹೋಗುತ್ತದೋ ಅಷ್ಟೇ ಸಾಕು. ಲಿವರಿನ ಒಳಭಾಗಗಳನ್ನು ಮನೆಯಲ್ಲಿ ಬಿಚ್ಚಬಾರದು. ಬಿಚ್ಚುವುದು ಸುಲಭ, ಕೂಡಿಸುವುದು ಕಷ್ಟ.

ಐದನೆಯದು, ಜಾಗ. ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ. ಮನೆಯಲ್ಲಿ ಬೀಗವಿರುವ ಕಬ್ಬಿಣದ ಕಪಾಟು, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ತೋಟಾಗಳಿಗೆ ಬೇರೆ ಜಾಗ, ಬೇರೆ ಬೀಗ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಲೇಬೇಕು. ಹಸಿರುಗಟ್ಟಿದ ಹಳೆಯ ತೋಟಾಗಳನ್ನು ಹಾರಿಸಿ ನೋಡುವುದಾಗಲಿ, ಕಸಕ್ಕೆ ಎಸೆಯುವುದಾಗಲಿ ಕೂಡದು. ಠಾಣೆಗೆ ಅಥವಾ ವ್ಯಾಪಾರಿಗೆ ಒಪ್ಪಿಸಬೇಕು.

ಯಾರ ಹೆಸರಿಗೆ?

ಇಷ್ಟೆಲ್ಲ ಕೇಳಿದ ಮೇಲೆ ಆ ಮನೆಯಲ್ಲಿ ನಿಜವಾದ ಪ್ರಶ್ನೆ ಎದ್ದಿತು. ತಿಂಗಳಿಗೊಮ್ಮೆ ಕೋವಿ ತೆಗೆದು ನೋಡುವವರು ಯಾರು? ಮಗನಿಗೆ ಹಿಂಜೆವಾಡಿಯ ಕೆಲಸ, ಆಗಾಗ ವಿದೇಶ ಪ್ರಯಾಣ. ಮನೆಯಲ್ಲಿ ಎಂಟು ವರ್ಷದ ಹುಡುಗ, ಅವನ ಗೆಳೆಯರ ಓಡಾಟ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಕೋವಿಗೆ ಕಪಾಟು ಮಾಡಿಸಬಹುದು, ಆದರೆ ಕಣ್ಣಿಡುವವರು ಬೇಕಲ್ಲ. ಮಗನಿಗೆ ಅಪ್ಪನ ಕೋವಿ ಬೇರೆಯವರ ಹೆಸರಿಗೆ ಹೋಗುವುದು ಮನಸ್ಸಿಗೆ ಒಗ್ಗಲಿಲ್ಲ. ಆತ ಹುಟ್ಟಿದಾಗ ಅಂಗಳದಲ್ಲಿ ಗುಂಡು ಹಾರಿಸಿದ್ದು ಇದೇ ಕೋವಿಯಿಂದ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ. ಅಪ್ಪ ಹೋದಾಗ ಮಾತ್ರ ಕೋವಿ ಚೀಲದಲ್ಲಿತ್ತು, ಪಕ್ಕದ ಮನೆಯವರ ಕೋವಿಯಿಂದ ಹಾರಿಸಿದ್ದರು.

ಕೊನೆಗೆ ದಾರಿ ತೋರಿಸಿದವರು ಅವರ ತಾಯಿ. “ಕೋವಿ ಎಲ್ಲಿರುತ್ತದೋ ಅಲ್ಲಿ ಇರುವವರ ಹೆಸರಿಗೆ ಇರಲಿ. ನಿನ್ನದು ಎಂದು ಬರೆದುಕೊಂಡು ನೀನು ಪುಣೆಯಲ್ಲಿ ಕೂತರೆ ಅದು ಮತ್ತೆ ತುಕ್ಕು ಹಿಡಿಯುತ್ತದೆ” ಎಂದರು. ಅದರಂತೆ ಊರಿನ ಮನೆಯಲ್ಲೇ ವಾಸವಿರುವ ಚಿಕ್ಕಪ್ಪನವರ ಕಾಗದಗಳಲ್ಲಿ ಕೋವಿಯ ವಿವರ ಸೇರಿಸಲು ಮಡಿಕೇರಿಯಲ್ಲಿ ಅರ್ಜಿ ಕೊಡಲಾಯಿತು. ರಿಪೇರಿ ಆದ ಕೋವಿ ಈಗ ಅವರ ವಶದಲ್ಲಿದೆ. ನಳಿಗೆಯ ಮೇಲಿನ ಕಲೆಗಳು ಪೂರ್ತಿ ಹೋಗಿಲ್ಲ. ಹೋಗುವುದೂ ಬೇಡ ಎಂದಿದ್ದಾರೆ ಸುಬೇದಾರರು.

ಪುಣೆಯ ಮನೆಯಲ್ಲಿ ಆ ವರ್ಷ ದೀಪದ ಮುಂದೆ ಒಡಿಕತ್ತಿ, ಪೀಚೆಕತ್ತಿಗಳಷ್ಟೇ ಇದ್ದವು. ಕಡಂಬುಟ್ಟು, ಪಂದಿಕರಿಯ ಊಟವಾಯಿತು. ಮಗ ಈಗ ಪ್ರತಿ ವರ್ಷ ಕೈಲ್‌ಪೊಳ್ದ್ ವೇಳೆಗೆ ಊರಿಗೆ ಹೋಗಿ ಚಿಕ್ಕಪ್ಪನ ಜತೆ ಕೂತು ಕೋವಿ ಒರೆಸುತ್ತಾರೆ. ಒಮ್ಮೆ ತಂಗಿಯೂ ಬಂದು, “ಕೊಳವೆ ಖಾಲಿ ಇದೆಯೇ ಎಂದು ನೋಡುವುದನ್ನು ನನಗೂ ಕಲಿಸಿ ಚಿಕ್ಕಪ್ಪ” ಎಂದು ಕೇಳಿ ಕಲಿತಳು.

1869ರಲ್ಲಿ ಸ್ಥಾಪನೆಯಾದ ಖಡ್ಕಿಯ ಮದ್ದುಗುಂಡು ಕಾರ್ಖಾನೆ, ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ, ಖಡಕ್‌ವಾಸ್ಲಾದ ಅಕಾಡೆಮಿ ಇರುವ ಪುಣೆ ಆಯುಧಗಳ ಶಿಸ್ತನ್ನು ಬಲ್ಲ ಊರು. ಇಲ್ಲಿನ ಕನ್ನಡಿಗರಲ್ಲಿ ಸೇನೆಯಲ್ಲಿ ದುಡಿದವರೂ ಇದ್ದಾರೆ. ಊರಿನ ಮನೆಯ ಹಳೆಯ ಕೋವಿಯ ಬಗ್ಗೆ ಅನುಮಾನವಿದ್ದವರು ಅಂಥ ಹಿರಿಯರನ್ನು ಕೇಳಿ ತಿಳಿದುಕೊಳ್ಳಬಹುದು. ಮುಂದಿನ ಬಾರಿ ಊರಿಗೆ ಹೋದಾಗ ಸಮಾಜ ಬಾಂಧವರು ಒಮ್ಮೆ ಕಪಾಟು ತೆರೆಸಿ, ಕೋವಿ ಯಾರ ಹೆಸರಿನಲ್ಲಿದೆ, ಯಾರ ಕಣ್ಣಳತೆಯಲ್ಲಿದೆ, ಒಳಗೆ ಏನಿದೆ ಎಂಬ ಮೂರು ವಿಷಯ ವಿಚಾರಿಸಿ ಬರುವುದು ಒಳಿತು.